ಗೋಡೌನಿಗೆ ಹೋಗುವ ಚೀಟಿ

(ದಾವಣಗೆರೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಶನಿವಾರ ಮಧ್ಯಾಹ್ನ ಆಡಿದ ಮಾತಿನ ಬರಹ ರೂಪ ಇದು. ಮಧ್ಯೆ ಎರಡು ಸಲ ಕರೆಂಟ್ ಹೋಯಿತು. ಆಗ ಪರದೆ ಇಲ್ಲದೆ ಬಾಯಲ್ಲೇ ಹೇಳಿದ್ದನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ. ಕೋಡನ್ನೂ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಊಟ ಮುಗಿದ ಹೊತ್ತು, ವಿಷಯ ಡೇಟಾಬೇಸ್. ತೂಕಡಿಕೆ ಬಂದರೆ ಬೇಜಾರಿಲ್ಲ, ಗೊರಕೆ ಮಾತ್ರ ಬೇಡ.

ಮೊದಲು ಒಂದು ಗೋಡೌನಿನ ಕಥೆ ಹೇಳುತ್ತೇನೆ. ಡೇಟಾಬೇಸ್ ಆಮೇಲೆ ತಾನಾಗಿ ಬರುತ್ತದೆ.

ನಮ್ಮ ಅಪ್ಪ ಇದೇ ಊರಿನ ಒಂದು ದಲ್ಲಾಳಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಮೆಕ್ಕೆಜೋಳದ ವ್ಯಾಪಾರ. ಅಂಗಡಿ ಒಂದು ಕಡೆ, ಗೋಡೌನ್ ಎರಡು ಬೀದಿ ಆಚೆ. ಗಿರಾಕಿ ಬಂದಾಗ ಸಾಹುಕಾರರು ಗಾದಿಯಿಂದ ಏಳುತ್ತಿರಲಿಲ್ಲ. ಒಂದು ಚೀಟಿ ಬರೆದು ಹಮಾಲರ ಕೈಗೆ ಕೊಡುತ್ತಿದ್ದರು. ಅದರಲ್ಲಿ 'ಲಾಟ್ 17' ಅಂತಲೋ, 'ಹೋದ ಸೋಮವಾರದ ಮೇಲೆ ಬಂದಿದ್ದು' ಅಂತಲೋ ಇರುತ್ತಿತ್ತು. ಗೋಡೌನಿನಲ್ಲಿ ಚೀಲಗಳನ್ನು ಲಾಟ್ ಪ್ರಕಾರ, ಬಂದ ದಿನದ ಪ್ರಕಾರ ಒಟ್ಟಿರುತ್ತಿದ್ದರು. ಚೀಟಿ ನೋಡಿದ ಕೂಡಲೇ ಯಾವ ಮೂಲೆಗೆ ಹೋಗಬೇಕು ಅಂತ ಹಮಾಲರಿಗೆ ಗೊತ್ತು.

ಆದರೆ ಕೆಲವು ಗಿರಾಕಿಗಳು 'ಚೆನ್ನಾಗಿ ಒಣಗಿದ್ದೇ ಬೇಕು' ಅನ್ನುತ್ತಿದ್ದರು. ಈಗ ತೇವ ನೋಡೋಕೆ ಮೀಟರ್ ಇದೆ. ಶೇಕಡಾ 14ಕ್ಕಿಂತ ಜಾಸ್ತಿ ಇದ್ದರೆ ಮೆಕ್ಕೆಜೋಳ ಕೊಳ್ಳುವವರು ಮುಖ ಸಿಂಡರಿಸುತ್ತಾರೆ. ಆಗ ಸಾಹುಕಾರರ ಹಲ್ಲೇ ಮೀಟರ್. ಕಾಳನ್ನು ಬಾಯಿಗೆ ಹಾಕಿ ಕಟ್ ಅಂತ ಕಡಿಯುತ್ತಿದ್ದರು. ಸದ್ದಿನಲ್ಲೇ ಗೊತ್ತಾಗುತ್ತಿತ್ತು, ಇದು ಆಗುತ್ತದೆ, ಇದು ಆಗಲ್ಲ ಅಂತ. ಆ ಹಲ್ಲನ್ನು ಚೀಟಿಯಲ್ಲಿ ಬರೆದು ಕಳಿಸೋಕೆ ಆಗುತ್ತಾ? ಅದಕ್ಕೇ ಹಮಾಲರು ಒಂದೊಂದು ಚೀಲಕ್ಕೂ ಕೊಳವೆ ಚುಚ್ಚಿ, ಒಂದು ಹಿಡಿ ಕಾಳು ತೆಗೆದು, ಎರಡು ಬೀದಿ ದಾಟಿ ತಂದು ತೋರಿಸಬೇಕಿತ್ತು. 200 ಚೀಲ ಅಂದರೆ 200 ಹಿಡಿ. ಅದರಲ್ಲಿ ಬೇಕಾಗಿದ್ದು ಹತ್ತೇ ಚೀಲ ಇರಬಹುದು.

ಇವತ್ತಿನ ಮಾತು ಪೂರ್ತಿ ಈ ಹಲ್ಲಿನ ಬಗ್ಗೆಯೇ. ಡೇಟಾಬೇಸಿನಲ್ಲಿ ಅದಕ್ಕೆ ಫಂಕ್ಷನ್ ಅನ್ನುತ್ತೇವೆ.

ಎಸ್‌ಕ್ಯೂಲೈಟ್ ಅನ್ನುವ ಡೇಟಾಬೇಸ್ ನಿಮಗೆಲ್ಲ ಗೊತ್ತು. ಗೊತ್ತಿಲ್ಲ ಅಂದರೂ ನಿಮ್ಮ ಜೇಬಿನ ಫೋನಿನಲ್ಲಿ ಅದು ಇದ್ದೇ ಇದೆ. ಡಿ. ರಿಚರ್ಡ್ ಹಿಪ್ ಅನ್ನುವವರು 2000ದಲ್ಲಿ ಬಿಡುಗಡೆ ಮಾಡಿದ್ದು. ಸರ್ವರ್ ಇಲ್ಲ, ಪಾಸ್‌ವರ್ಡ್ ಇಲ್ಲ, ಒಂದೇ ಫೈಲ್. 2006ರಲ್ಲಿ, 3.3.7ನೇ ಆವೃತ್ತಿಯಲ್ಲಿ, ಅದಕ್ಕೆ ವರ್ಚುವಲ್ ಟೇಬಲ್ ಅನ್ನೋದು ಸೇರಿತು. ಅಂದರೆ ಹೊರಗಿನಿಂದ ನೋಡಿದರೆ ಟೇಬಲ್, ಒಳಗೆ ನಾವು ಬರೆದ ಸಿ ಕೋಡ್. ಆ ಕೋಡಿಗೆ ಮಾಡ್ಯೂಲ್ ಅನ್ನುತ್ತಾರೆ. ಸಾಲುಗಳು ಡೇಟಾಬೇಸ್ ಫೈಲಿನಲ್ಲಿ ಇರಲೇಬೇಕು ಅಂತಿಲ್ಲ. ಸಿಎಸ್‌ವಿ ಫೈಲಿನಿಂದ (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಸಾದಾ ಪಠ್ಯ) ಬರಬಹುದು, ಯಾವುದೋ ಯಂತ್ರದಿಂದ ಬರಬಹುದು, ಆಗಷ್ಟೇ ಲೆಕ್ಕ ಹಾಕಿ ಹುಟ್ಟಿಸಿದ್ದೂ ಆಗಬಹುದು. ಎಸ್‌ಕ್ಯೂಲೈಟ್ ಅಂಗಡಿ, ನಮ್ಮ ಮಾಡ್ಯೂಲ್ ಗೋಡೌನ್.

ನಾನು ಇದಕ್ಕೆ ಕೈ ಹಾಕಿದ್ದು ಶೋಕಿಗಲ್ಲ. ಒಬ್ಬ ವ್ಯಾಪಾರಿಯ ವೇಬ್ರಿಜ್ಜಿನ ಲೆಕ್ಕ ನೋಡಿಕೊಡಬೇಕಿತ್ತು. ತೂಕದ ಕಂಪ್ಯೂಟರು ದಿನಕ್ಕೊಂದು ಸಿಎಸ್‌ವಿ ಫೈಲ್ ಬರೆಯುತ್ತಿತ್ತು. ಫೈಲಿನ ಹೆಸರೇ ತಾರೀಖು. ಆರು ವರ್ಷಕ್ಕೆ ಸುಮಾರು 1800 ಫೈಲ್. ನಾನು ಅದರ ಮೇಲೆ 'ತೂಕಗಳು' ಅಂತ ಒಂದು ವರ್ಚುವಲ್ ಟೇಬಲ್ ಕಟ್ಟಿದೆ. ಕಾಲಂಗಳು ಸಮಯ, ರೈತ, ಊರು, ಮಾಲು, ತೂಕ. ಹೌದು, ಕಾಲಂ ಹೆಸರು ಕನ್ನಡದಲ್ಲೇ ಇಟ್ಟಿದ್ದೆ. ಎಸ್‌ಕ್ಯೂಲೈಟಿಗೆ ಅದು ನಡೆಯುತ್ತದೆ, ಉದ್ಧರಣ ಚಿಹ್ನೆ ಕೂಡ ಬೇಕಿಲ್ಲ. ಮನೆಗೆ ಹೋಗಿ ಮಾಡಿ ನೋಡಿ, ಖುಷಿಯಾಗುತ್ತದೆ.

ಆಮೇಲೆ ಈ ಪ್ರಶ್ನೆ ಕೇಳಿದೆ:

ಸೆಲೆಕ್ಟ್ ರೈತ, ತೂಕ ಫ್ರಂ ತೂಕಗಳು ವೇರ್ ಡೇಟ್(ಸಮಯ) = '2023-11-14'

ಡೇಟ್ ಅನ್ನೋದು ಸಮಯದಿಂದ ತಾರೀಖು ಮಾತ್ರ ತೆಗೆದುಕೊಡುವ ಫಂಕ್ಷನ್. ಒಂದೇ ದಿನದ ಲೆಕ್ಕ. ಫೈಲಿನ ಹೆಸರಿನಲ್ಲೇ ತಾರೀಖಿದೆ. ಒಂದು ಫೈಲ್ ತೆರೆದರೆ ಸಾಕು. ಆದರೆ ಡಿಸ್ಕ್ ದೀಪ ಮಿಣುಕುತ್ತಲೇ ಇತ್ತು. ಚಹಾ ಕುಡಿದು ಬಂದೆ, ಆಗ ಉತ್ತರ ಬಂದಿತ್ತು. ಉತ್ತರವೇನೋ ಸರಿ. ಆದರೆ 1800 ಫೈಲನ್ನೂ ತೆರೆದು, ಪ್ರತಿ ಸಾಲನ್ನೂ ಓದಿ ಕೊಟ್ಟ ಉತ್ತರ ಅದು.

ಏನಾಯಿತು ಅಂತ ತಿಳಿಯೋಕೆ ಚೀಟಿ ಬಿಚ್ಚಿ ನೋಡಬೇಕು.

ವರ್ಚುವಲ್ ಟೇಬಲ್ ಬರೆಯುವವರು ಎಸ್‌ಕ್ಯೂಲೈಟಿಗೆ ಒಂದು ಗೊಂಚಲು ಫಂಕ್ಷನ್‌ಗಳನ್ನು ಕೊಡಬೇಕು. ಅದರಲ್ಲಿ ಇವತ್ತಿಗೆ ಬೇಕಾದ್ದು ಮೂರು. ಮೊದಲನೆಯದು ಎಕ್ಸ್‌ಬೆಸ್ಟ್‌ಇಂಡೆಕ್ಸ್. ಕ್ವೆರಿ, ಅಂದರೆ ನಾವು ಕೇಳಿದ ಪ್ರಶ್ನೆ, ಇನ್ನೂ ಓಡಿರುವುದಿಲ್ಲ, ಬರೀ ತಯಾರಿ ನಡೆಯುತ್ತಿರುತ್ತದೆ. ಆಗ ಎಸ್‌ಕ್ಯೂಲೈಟ್ ನಮ್ಮ ಹತ್ತಿರ ಬಂದು ಒಂದು ಪಟ್ಟಿ ತೋರಿಸುತ್ತದೆ. ಪಟ್ಟಿಯ ಒಂದೊಂದು ಷರತ್ತಿನಲ್ಲೂ ಇರೋದು ಎರಡೇ ವಿಷಯ: ಯಾವ ಕಾಲಂ, ಯಾವ ಹೋಲಿಕೆ. ಹೋಲಿಕೆಗೆ ಒಂದು ನಂಬರ್ ಇದೆ. ಸಮ ಅಂದರೆ 2, ದೊಡ್ಡದು ಅಂದರೆ 4, ಚಿಕ್ಕದು ಅಂದರೆ 16, ಅಷ್ಟೇ ಅಥವಾ ದೊಡ್ಡದು ಅಂದರೆ 32. ಜೊತೆಗೆ ಈ ಷರತ್ತು ಈಗ ಬಳಸೋಕೆ ಬರುತ್ತದೋ ಇಲ್ಲವೋ ಅನ್ನುವ ಒಂದು ಗುರುತು. ಬೆಲೆ ಇರುವುದಿಲ್ಲ. '2023-11-14' ಅನ್ನೋದು ಪಟ್ಟಿಯಲ್ಲಿ ಕಾಣುವುದೇ ಇಲ್ಲ.

ನಾವು ಅದನ್ನು ನೋಡಿ ಹೇಳಬೇಕು: 'ಈ ಷರತ್ತು ನನಗೆ ಕೊಡಿ, ನಾನು ನೋಡಿಕೊಳ್ಳುತ್ತೇನೆ. ಖರ್ಚು ಇಷ್ಟಾಗುತ್ತದೆ. ಈ ಯೋಜನೆಗೆ ನನ್ನ ಗುರುತು ಇದು.' ಕ್ವೆರಿ ನಿಜವಾಗಿ ಓಡುವಾಗ ಎಸ್‌ಕ್ಯೂಲೈಟ್ ಎರಡನೆಯದನ್ನು, ಅಂದರೆ ಎಕ್ಸ್‌ಫಿಲ್ಟರನ್ನು, ಕರೆಯುತ್ತದೆ. ಆಗ ನಮ್ಮ ಗುರುತನ್ನೂ ಬೆಲೆಗಳನ್ನೂ ಕೈಗೆ ಕೊಡುತ್ತದೆ. ಚೀಟಿ ಪೂರ್ತಿಯಾಗೋದು ಆಗಲೇ.

ಮೂರನೆಯದು ಎಕ್ಸ್‌ಫೈಂಡ್‌ಫಂಕ್ಷನ್. ಅದಕ್ಕೆ ಆಮೇಲೆ ಬರುತ್ತೇನೆ.

(ಇಲ್ಲಿ ಮೊದಲ ಸಲ ಕರೆಂಟ್ ಹೋಯಿತು.)

ಪರವಾಗಿಲ್ಲ, ಲ್ಯಾಪ್‌ಟಾಪ್ ಓಡುತ್ತಿದೆ, ನಾನು ಓದಿ ಹೇಳುತ್ತೇನೆ. ಎಕ್ಸ್‌ಬೆಸ್ಟ್‌ಇಂಡೆಕ್ಸ್ ಒಳಗೆ ಬಂದ ಪಟ್ಟಿಯನ್ನು ಹಾಗೇ ಪ್ರಿಂಟ್ ಮಾಡುವ ಎರಡು ಸಾಲು ಹಾಕಿದ್ದೇನೆ. ನೀವು ಯಾವತ್ತಾದರೂ ವರ್ಚುವಲ್ ಟೇಬಲ್ ಬರೆದರೆ ಮೊದಲು ಈ ಎರಡು ಸಾಲು ಬರೆಯಿರಿ. ಉಳಿದದ್ದು ಆಮೇಲೆ.

ಈಗ ಹಳೆಯ ಪ್ರಶ್ನೆಯನ್ನೇ ಕೊಡುತ್ತೇನೆ. ಡೇಟ್(ಸಮಯ) ಸಮ '2023-11-14'. ಬಂದ ಷರತ್ತುಗಳು: 0.

ಸೊನ್ನೆ ನೋಡಿ. ಬರೀ ಖಾಲಿ ಚೀಟಿ. ಎಸ್‌ಕ್ಯೂಲೈಟ್ ನೋಡೋದು ಇಷ್ಟೇ: ಒಂದು ಕಡೆ ಬರಿಯ ಕಾಲಂ ಇದೆಯಾ? ಇಲ್ಲಿ ಎಡಗಡೆ ಸಮಯ ಇಲ್ಲ, ಡೇಟ್(ಸಮಯ) ಇದೆ. ಕಾಲಂ ಫಂಕ್ಷನ್ನಿನ ಮುಸುಕು ಹೊದ್ದುಕೊಂಡಿದೆ. ಮುಸುಕು ಹೊದ್ದವರು ಚೀಟಿಯಲ್ಲಿ ಬರೋದಿಲ್ಲ. ಹಾಗಾಗಿ ನಮ್ಮ ಮಾಡ್ಯೂಲಿಗೆ ಕೇಳಿಸೋದು 'ಎಲ್ಲಾ ಕೊಡು' ಅನ್ನುವ ಒಂದೇ ಮಾತು. ಎಲ್ಲಾ ಕೊಟ್ಟ ಮೇಲೆ ಅಂಗಡಿಯಲ್ಲಿ ಕೂತು ಎಸ್‌ಕ್ಯೂಲೈಟ್ ಒಂದೊಂದು ಸಾಲಿಗೂ ಡೇಟ್ ಫಂಕ್ಷನ್ ಓಡಿಸುತ್ತದೆ. ಕಟ್, ಕಟ್, ಕಟ್.

ಇನ್ನೊಂದು ಕೊಡುತ್ತೇನೆ. ಸಮಯ >= '2023-11-14' ಆ್ಯಂಡ್ ಸಮಯ < '2023-11-15'. ಬಂದ ಷರತ್ತುಗಳು: 2. ಎರಡೂ ಸಮಯ ಕಾಲಮ್ಮಿನ ಮೇಲೆ, ಒಂದು 32, ಇನ್ನೊಂದು 16. ತೆರೆದ ಫೈಲ್ 1. ಚಹಾಕ್ಕೆ ಹೋಗೋಕೆ ಟೈಮೇ ಇಲ್ಲ.

ಮೂರನೆಯದು: ಸಮಯ >= ಡೇಟ್('ನೌ', '-7 ಡೇಸ್'). ಇಲ್ಲೂ ಫಂಕ್ಷನ್ ಇದೆ. ಆದರೂ ಷರತ್ತು ಬಂತು, 1. ಯಾಕೆ? ಫಂಕ್ಷನ್ ಇರೋದು ಬಲಗಡೆ. ಬಲಗಡೆ ನೀವು ಏನು ಬೇಕಾದರೂ ಮಾಡಿ, ಎಸ್‌ಕ್ಯೂಲೈಟ್ ಅದನ್ನು ಲೆಕ್ಕ ಹಾಕಿ, ಬಂದ ಉತ್ತರವನ್ನು ಎಕ್ಸ್‌ಫಿಲ್ಟರಿಗೆ ಕೊಡುತ್ತದೆ. ಫಂಕ್ಷನ್ ಕಾಲಮ್ಮನ್ನು ಮುಟ್ಟಿದಾಗ ಮಾತ್ರ ತೊಂದರೆ.

ಸಾಮಾನ್ಯ ಟೇಬಲ್ ಆಗಿದ್ದರೆ ಇದಕ್ಕೆ ಬೇರೆ ದಾರಿ ಇತ್ತು. 2015ರಲ್ಲಿ, ಅಂದರೆ 3.9.0 ಆವೃತ್ತಿಯಲ್ಲಿ, ಲೆಕ್ಕದ ಮೇಲೆಯೇ ಇಂಡೆಕ್ಸ್, ಅಂದರೆ ಬೇಗ ಹುಡುಕುವ ಪಟ್ಟಿ, ಕಟ್ಟುವ ಸೌಲಭ್ಯ ಬಂತು; 2017ರ 3.20.0ರಿಂದ ಡೇಟ್(ಸಮಯ) ಅನ್ನುವ ಲೆಕ್ಕದ ಮೇಲೂ ಕಟ್ಟಬಹುದು. ವರ್ಚುವಲ್ ಟೇಬಲ್ ಮೇಲೆ ಹೊರಗಿನಿಂದ ಇಂಡೆಕ್ಸ್ ಕಟ್ಟೋಕೆ ಬಿಡುವುದಿಲ್ಲ. ಗೋಡೌನ್ ನಮ್ಮದು, ಚೀಲ ಹೇಗೆ ಒಟ್ಟಬೇಕು ಅನ್ನೋದೂ ನಮ್ಮದೇ ತಲೆನೋವು.

ಷರತ್ತುಗಳಿರುವ ಪೂರ್ತಿ ವೇರ್ ಭಾಗವನ್ನೇ ಮಾಡ್ಯೂಲಿಗೆ ಕೊಟ್ಟುಬಿಡಬಹುದಲ್ಲ ಅಂತ ನಿಮಗೆ ಅನ್ನಿಸಬಹುದು. ನನಗೂ ಅನ್ನಿಸಿತ್ತು, ಸ್ವಲ್ಪ ಸಿಟ್ಟೂ ಬಂದಿತ್ತು. ಆಮೇಲೆ ಯೋಚನೆ ಮಾಡಿದೆ. ಎಸ್‌ಕ್ಯೂಲೈಟ್ ಒಳಗಡೆ ಕ್ವೆರಿಯನ್ನು ಮರದ ಆಕಾರದಲ್ಲಿ ಇಟ್ಟುಕೊಂಡಿರುತ್ತದೆ. ಆ ಮರದ ಆಕಾರ ಅವರ ಮನೆ ಒಳಗಿನ ವಿಷಯ, ಆವೃತ್ತಿಯಿಂದ ಆವೃತ್ತಿಗೆ ಬದಲಾಗಬಹುದು. ಅದನ್ನು ಹೊರಗಿನವರ ಕೈಗೆ ಒಂದು ಸಲ ಕೊಟ್ಟರೆ ಆಮೇಲೆ ಬದಲಾಯಿಸೋಕೇ ಆಗಲ್ಲ. ಜೊತೆಗೆ ಆ ಮರವನ್ನು ಓದಿ ಅರ್ಥ ಮಾಡಿಕೊಳ್ಳುವ ಕೆಲಸ ಪ್ರತಿ ಮಾಡ್ಯೂಲ್ ಬರೆಯುವವರ ತಲೆ ಮೇಲೆ ಬೀಳುತ್ತದೆ. ಅದಕ್ಕಿಂತ ಚಿಕ್ಕ ಚೀಟಿಯೇ ವಾಸಿ ಅಂತ ಈಗ ನನಗೂ ಅನ್ನಿಸುತ್ತದೆ.

ನಾನು ಆಗ ಹುಡುಕಿಕೊಂಡ ದಾರಿ ಮುಚ್ಚಿಟ್ಟ ಕಾಲಂ. ಟೇಬಲ್ ಘೋಷಿಸುವಾಗ ದಿನ ಅಂತ ಇನ್ನೊಂದು ಕಾಲಂ ಸೇರಿಸಿ, ಅದರ ಮುಂದೆ 'ಹಿಡನ್' ಅಂತ ಬರೆದರೆ ಆಯಿತು. ಸೆಲೆಕ್ಟ್ ಸ್ಟಾರ್ ಕೊಟ್ಟಾಗ ಅದು ಕಾಣುವುದಿಲ್ಲ. ವೇರ್ ದಿನ = '2023-11-14' ಅಂತ ಮಾತ್ರ ಧಾರಾಳವಾಗಿ ಕೇಳಬಹುದು. ಬರಿಯ ಕಾಲಂ ಆದ್ದರಿಂದ ಚೀಟಿಯಲ್ಲಿ ಬರುತ್ತದೆ. ಡೇಟ್ ಫಂಕ್ಷನ್ ಮಾಡುತ್ತಿದ್ದ ಕೆಲಸ ಈಗ ಕಾಲಮ್ಮಿನ ಒಳಗೇ ಸೇರಿಕೊಂಡಿತು. ಇದೇ ಮುಚ್ಚಿಟ್ಟ ಕಾಲಂ ಇದ್ದರೆ, 3.9.0ರಿಂದ, ಫ್ರಂ ತೂಕಗಳು('2023-11-14') ಅಂತ ಟೇಬಲ್ಲನ್ನೇ ಫಂಕ್ಷನ್ ಥರ ಕರೆಯಲೂಬಹುದು.

ಇಲ್ಲಿ ಒಂದು ಗುಂಡಿ ಇದೆ. ನಾನು ಬಿದ್ದಿದ್ದೇನೆ. ಷರತ್ತು ನಾವು ನೋಡಿಕೊಳ್ಳುತ್ತೇವೆ ಅಂದರೂ ಎಸ್‌ಕ್ಯೂಲೈಟ್ ಸುಮ್ನೆ ನಂಬೋದಿಲ್ಲ. ನಾವು ಕೊಟ್ಟ ಸಾಲನ್ನು ಮತ್ತೆ ತಾನೇ ಪರೀಕ್ಷೆ ಮಾಡುತ್ತದೆ. ಅಂದರೆ ದಿನ ಕಾಲಮ್ಮಿನ ಬೆಲೆ ಏನು ಅಂತ ಪ್ರತಿ ಸಾಲಿಗೂ ಕೇಳುತ್ತದೆ. ಹೇಗೂ ಕಾಣದ ಕಾಲಂ ಅಲ್ವಾ ಅಂತ ನಾನು ಅಲ್ಲಿ ನಲ್, ಅಂದರೆ ಬೆಲೆಯೇ ಇಲ್ಲ ಅಂತ, ಕೊಟ್ಟಿದ್ದೆ. ನಲ್ ಯಾವುದಕ್ಕೂ ಸಮ ಅಲ್ಲ. ಎಲ್ಲಾ ಸಾಲೂ ತಿರಸ್ಕಾರ. ಒಂದಿಡೀ ಸಂಜೆ ಖಾಲಿ ಉತ್ತರ ನೋಡುತ್ತಾ ಕೂತಿದ್ದೆ. 'ಇದನ್ನು ಮತ್ತೆ ನೋಡಬೇಕಿಲ್ಲ' ಅಂತ ಹೇಳುವ ಗುರುತು ಒಂದಿದೆ, ಒಮಿಟ್ ಅಂತ ಅದರ ಹೆಸರು. ಆದರೆ ಅದು ಬರೀ ಸೂಚನೆ. ಕೇಳಲೇಬೇಕು ಅಂತ ಎಸ್‌ಕ್ಯೂಲೈಟಿಗೆ ಕಟ್ಟುಪಾಡಿಲ್ಲ. ಅದನ್ನು ನೆಚ್ಚಿಕೊಳ್ಳಬೇಡಿ, ಕಾಲಂ ಸರಿಯಾದ ಬೆಲೆ ಕೊಡಲಿ.

ತಾರೀಖಿನ ಕಥೆ ಇಲ್ಲಿಗಾಯಿತು. ಈಗ ಹೆಸರಿನ ಕಥೆ. ನಿಜವಾದ ಫಜೀತಿ ಇದು.

ಚಳ್ಳಕೆರೆ ಕಡೆಯವರು ಯಾರಿದ್ದೀರಿ? ಮೂರು ಕೈ. ನಿಮ್ಮ ಕ್ಲಾಸಿನಲ್ಲಿ ತಿಪ್ಪೇಸ್ವಾಮಿಗಳು ಎಷ್ಟು ಜನ? (ನಗು.) ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ದೇವರ ಹೆಸರು ಆ ಕಡೆ ಮನೆಮನೆಯಲ್ಲೂ ಇರುತ್ತದೆ. ತಿಪ್ಪೇಸ್ವಾಮಿ, ತಿಪ್ಪೇರುದ್ರಪ್ಪ, ತಿಪ್ಪಮ್ಮ. ವೇಬ್ರಿಜ್ಜಿನಲ್ಲಿ ಹೆಸರು ಟೈಪ್ ಮಾಡುವ ಹುಡುಗ ಒಂದು ದಿನ ತಿಪ್ಪೇಸ್ವಾಮಿ ಅಂತ ಹೊಡೆಯುತ್ತಾನೆ, ಇನ್ನೊಂದು ದಿನ ತಿಪ್ಪೆಸ್ವಾಮಿ ಅಂತ. ಸಿದ್ದೇಶನಿಗೆ ಒಮ್ಮೆ ದ ಒತ್ತು, ಒಮ್ಮೆ ಧ ಒತ್ತು. ರೈತ = 'ತಿಪ್ಪೇಸ್ವಾಮಿ' ಅಂತ ಕೇಳಿದರೆ ಅರ್ಧ ಲೆಕ್ಕ ತಪ್ಪಿಹೋಗುತ್ತದೆ.

ಅದಕ್ಕೆ ಹೋಲುತ್ತದೆ(ರೈತ, 'ತಿಪ್ಪೇಸ್ವಾಮಿ') ಅಂತ ನನ್ನದೇ ಒಂದು ಫಂಕ್ಷನ್ ಬರೆದೆ. ಹೆಸರಿನ ದೀರ್ಘ ತೆಗೆದು ಹ್ರಸ್ವ ಮಾಡುತ್ತದೆ, ಮಹಾಪ್ರಾಣ ತೆಗೆದು ಅಲ್ಪಪ್ರಾಣ ಮಾಡುತ್ತದೆ, ಕೊನೆಯ ಅಪ್ಪ, ಅಮ್ಮ ಬಿಡಿಸುತ್ತದೆ. ಉಳಿದದ್ದು ಹೆಸರಿನ ತಿರುಳು. ಎರಡು ತಿರುಳೂ ಒಂದೇ ಆದರೆ 1, ಇಲ್ಲದಿದ್ದರೆ 0. ವ್ಯಾಕರಣದ ಮೇಷ್ಟ್ರು ನೋಡಿದರೆ ಬೈಯುತ್ತಾರೆ, ಆದರೆ ತೂಕದ ಲೆಕ್ಕಕ್ಕೆ ಸಾಕು. ಮಾಡ್ಯೂಲಿನ ಒಳಗೆ ತಿರುಳಿನ ಪ್ರಕಾರ ಒಂದು ಪಟ್ಟಿಯನ್ನೂ ಇಟ್ಟೆ: ಈ ತಿರುಳಿನ ಹೆಸರು ಯಾವ ಯಾವ ಫೈಲಿನ ಎಷ್ಟನೇ ಸಾಲಿನಲ್ಲಿದೆ ಅಂತ. ಗೋಡೌನ್ ಸಿದ್ಧವಾಗಿದೆ. ಆದರೆ ಹಲ್ಲಿನ ಸುದ್ದಿ ಚೀಟಿಯಲ್ಲಿ ಬರಬೇಕಲ್ಲ.

ಎಕ್ಸ್‌ಫೈಂಡ್‌ಫಂಕ್ಷನ್ ಬರೋದು ಇಲ್ಲಿ. ಒಂದು ಫಂಕ್ಷನ್ನಿನ ಮೊದಲ ಜಾಗದಲ್ಲಿ ನಮ್ಮ ವರ್ಚುವಲ್ ಟೇಬಲಿನ ಕಾಲಂ ಇದ್ದರೆ, ಎಸ್‌ಕ್ಯೂಲೈಟ್ ನಮ್ಮನ್ನು ಕೇಳುತ್ತದೆ: 'ಈ ಹೆಸರಿನ ಫಂಕ್ಷನ್, ಆವರಣದೊಳಗೆ ಇಷ್ಟು ಆರ್ಗ್ಯುಮೆಂಟ್. ನಿಮ್ಮ ಹತ್ತಿರ ನಿಮ್ಮದೇ ಆದ ಬಗೆ ಇದೆಯಾ?' ನಾವು 0 ಅಂದರೆ ಇಲ್ಲ. 1 ಅಂದರೆ ಇದೆ, ನನ್ನದನ್ನು ಬಳಸಿ. ಮೊದಲು ಇಷ್ಟೇ ಇದ್ದದ್ದು. ಅಂದರೆ ಸಾಹುಕಾರರ ಹಲ್ಲಿನ ಬದಲು ನಮ್ಮ ಹಲ್ಲು. ಹಿಡಿ ಹಿಡಿ ಕಾಳು ಹೊರೋದು ಮಾತ್ರ ತಪ್ಪಲಿಲ್ಲ. ಪಠ್ಯ ಹುಡುಕುವ ಮ್ಯಾಚ್ ಅನ್ನುವ ಆಪರೇಟರಿಗೆ ಮೊದಲಿಂದಲೂ ಚೀಟಿಯಲ್ಲಿ ಜಾಗ ಇತ್ತು, ಅದೇ ಥರದ ಲೈಕ್, ಗ್ಲಾಬ್, ರೆಜೆಕ್ಸ್‌ಪ್‌ಗಳಿಗೆ 2016ರ 3.10.0ರಲ್ಲಿ ಜಾಗ ಸಿಕ್ಕಿತು. ನಮ್ಮ ನಿಮ್ಮ ಫಂಕ್ಷನ್‌ಗಳಿಗೆ ಇರಲಿಲ್ಲ.

2018ರ ಸೆಪ್ಟೆಂಬರಿನಲ್ಲಿ 3.25.0 ಬಂತು. ಆಗಿನಿಂದ 0, 1ರ ಜೊತೆ ಇನ್ನೊಂದು ಉತ್ತರ ಕೊಡಬಹುದು: 150ರಿಂದ 255ರವರೆಗಿನ ಯಾವುದಾದರೂ ನಂಬರ್. ಹಾಗೆ ಕೊಟ್ಟರೆ ಆ ಫಂಕ್ಷನ್ ಒಂದು ಹೋಲಿಕೆಯ ವೇಷದಲ್ಲಿ ಎಕ್ಸ್‌ಬೆಸ್ಟ್‌ಇಂಡೆಕ್ಸ್ ಪಟ್ಟಿಗೆ ಬರುತ್ತದೆ. ನಾನು 150 ಕೊಟ್ಟೆ. ಈಗ ವೇರ್ ಹೋಲುತ್ತದೆ(ರೈತ, 'ತಿಪ್ಪೇಸ್ವಾಮಿ') ಅಂದರೆ ಪಟ್ಟಿಯಲ್ಲಿ ಹೀಗೆ ಬರುತ್ತದೆ: ಕಾಲಂ ರೈತ, ಹೋಲಿಕೆ 150. ಎರಡನೇ ಆರ್ಗ್ಯುಮೆಂಟಿನ ಬೆಲೆ ಎಕ್ಸ್‌ಫಿಲ್ಟರಿಗೆ ಬರುತ್ತದೆ. ಹಲ್ಲು ಗೋಡೌನಿಗೆ ಹೋಯಿತು!

ಅದೇ ಬಿಡುಗಡೆಯಲ್ಲಿ ಜಿಯೋಪಾಲಿ ಅನ್ನುವ ಮಾಡ್ಯೂಲೂ ಬಂತು. ನಕ್ಷೆಯ ಮೇಲಿನ ಬಹುಭುಜಗಳನ್ನು ಇಟ್ಟುಕೊಳ್ಳುವಂಥದ್ದು. ಈ ಹೊಲದ ಗಡಿ ಆ ಹೊಲದ ಗಡಿಯ ಮೇಲೆ ಬೀಳುತ್ತದಾ, ಇದು ಅದರ ಒಳಗಿದೆಯಾ ಅಂತ ಕೇಳುವ ಎರಡು ಫಂಕ್ಷನ್ ಅದರಲ್ಲಿವೆ, ಓವರ್‌ಲ್ಯಾಪ್ ಮತ್ತು ವಿದಿನ್. ಎರಡೂ ಇದೇ ದಾರಿಯಲ್ಲಿ ಒಳಗಿನ ಆರ್-ಟ್ರೀ ಅನ್ನುವ, ಜಾಗದ ಪ್ರಕಾರ ಹುಡುಕುವ ಇಂಡೆಕ್ಸ್ ತಲುಪುತ್ತವೆ. ಕೋಡ್ ಓದಿ ಕಲಿಯಬೇಕು ಅನ್ನುವವರಿಗೆ ಒಳ್ಳೆಯ ಉದಾಹರಣೆ.

ಆದರೆ ಇದು ಹೆಬ್ಬಾಗಿಲಲ್ಲ. ಚಿತ್ರದುರ್ಗದವರಿಗೆ ಕಿಂಡಿ ಅಂದರೆ ಏನು ಅಂತ ಹೇಳಿಕೊಡಬೇಕಿಲ್ಲ. ತಲೆ ಬಗ್ಗಿಸಿ ಒಬ್ಬೊಬ್ಬರೇ ನುಸುಳಬೇಕು. ಫಂಕ್ಷನ್ನಿಗೆ ಸರಿಯಾಗಿ ಎರಡೇ ಆರ್ಗ್ಯುಮೆಂಟ್ ಇರಬೇಕು. ಮೊದಲನೆಯದು ಬರಿಯ ಕಾಲಂ ಆಗಿರಬೇಕು. ವೇರ್ ಭಾಗದಲ್ಲಿ ಅದು ತಾನೇ ಒಂದು ಹೌದು-ಅಲ್ಲ ಷರತ್ತಾಗಿ ನಿಲ್ಲಬೇಕು. ಹಾಗಾಗಿ ಡೇಟ್(ಸಮಯ) = ಅನ್ನುವ ನನ್ನ ಮೊದಲ ಪ್ರಶ್ನೆ ಈ ಕಿಂಡಿಯಲ್ಲೂ ತೂರುವುದಿಲ್ಲ. ಬೇಕಾದರೆ ದಿನಆಗಿದೆ(ಸಮಯ, '2023-11-14') ಅಂತ ಬೇರೆ ಫಂಕ್ಷನ್ ಹೊಲಿಯಬೇಕು. ಮುಚ್ಚಿಟ್ಟ ಕಾಲಂ ಇರುವಾಗ ಆ ಕಷ್ಟ ಯಾಕೆ?

ಇನ್ನೊಂದು ಚಿಕ್ಕ ವಿಷಯ, ಬಿಟ್ಟರೆ ತಲೆ ಕೆಡುತ್ತದೆ. ನಿಮ್ಮ ಫಂಕ್ಷನ್ನಿನ ಹೆಸರು ಎಸ್‌ಕ್ಯೂಲೈಟಿಗೆ ಮೊದಲೇ ಗೊತ್ತಿರಬೇಕು. ಇಲ್ಲದಿದ್ದರೆ ಅಂಥ ಫಂಕ್ಷನ್ನೇ ಇಲ್ಲ ಅಂತ ಕ್ವೆರಿ ಅಲ್ಲೇ ನಿಲ್ಲುತ್ತದೆ, ನಮ್ಮ ಮಾಡ್ಯೂಲನ್ನು ಕೇಳುವುದೇ ಇಲ್ಲ. ಓವರ್‌ಲೋಡ್ ಫಂಕ್ಷನ್ ಅನ್ನುವ ಒಂದು ಕರೆ ಇದೆ. ಅದು ಆ ಹೆಸರಿಗೆ ಒಂದು ಟವಲ್ ಹಾಸಿ ಸೀಟು ಹಿಡಿಯುತ್ತದೆ, ಬಸ್ಸಿನಲ್ಲಿ ಹಿಡಿಯುವ ಹಾಗೆ.

ಎಲ್ಲಾ ಸರಿಯಾಯಿತು ಅಂತ ವ್ಯಾಪಾರಿಗೆ ಕೊಟ್ಟೆ. ಹದಿನೈದು ದಿನ ಕಳೆದ ಮೇಲೆ ಅವರ ಗುಮಾಸ್ತರು ಫೋನ್ ಮಾಡಿದರು. 'ಏನ್ರೀ, ತಿಪ್ಪೇಸ್ವಾಮಿಯವರ ಹಳೇ ಲೋಡು ಒಂದೂ ಕಾಣ್ತಿಲ್ಲ. ಹೊಸ ವರ್ಷದ್ದು ಅಷ್ಟೂ ಅದಾವೆ.'

ಹೋಗಿ ನೋಡಿದೆ. ಹಳೆಯ ಫೈಲಿನಲ್ಲಿ ತಿಪ್ಪೇಸ್ವಾಮಿ ಇದೆ. ಹೊಸ ಫೈಲಿನಲ್ಲೂ ತಿಪ್ಪೇಸ್ವಾಮಿ ಇದೆ. ಕಣ್ಣಿಗೆ ಒಂದು ಎಳೆಯೂ ವ್ಯತ್ಯಾಸ ಇಲ್ಲ. ಲೆಂಗ್ತ್ ಫಂಕ್ಷನ್ ಕೊಟ್ಟು ನೋಡಿದೆ. ಹೊಸದಕ್ಕೆ 12, ಹಳೆಯದಕ್ಕೆ 13. ನಮ್ಮ ಕಿವಿಗೆ ನಾಲ್ಕೇ ಅಕ್ಷರ: ತಿ, ಪ್ಪೇ, ಸ್ವಾ, ಮಿ. ಎಸ್‌ಕ್ಯೂಲೈಟ್ ಎಣಿಸೋದು ಅಕ್ಷರವನ್ನಲ್ಲ, ಯೂನಿಕೋಡಿನ ಸಂಕೇತಗಳನ್ನು. 12 ಸರಿ. ಆ ಹದಿಮೂರನೆಯದು ಎಲ್ಲಿಂದ ಬಂತು?

ಪ್ಪೇ ಅಕ್ಷರದ ಏತ್ವ ನೋಡಿ. ಯೂನಿಕೋಡಿನಲ್ಲಿ ಅದನ್ನು ಎರಡು ಥರ ಬರೆಯಬಹುದು. ಒಂದೇ ಸಂಕೇತವಾಗಿ ಬರೆಯಬಹುದು. ಇಲ್ಲವೇ ಮೊದಲು ಹ್ರಸ್ವ ಎತ್ವ, ಅದರ ಪಕ್ಕ ದೀರ್ಘದ ಚಿಹ್ನೆ ಅಂತ ಎರಡಾಗಿ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ನಮ್ಮ ಹಳೆಯ ಕನ್ನಡ ಫಾಂಟುಗಳಲ್ಲಿ ದೀರ್ಘ ಬೇರೆ ತುಣುಕಾಗಿಯೇ ಇರುತ್ತಿತ್ತು. ಆ ಕಾಲದ ಫೈಲನ್ನು ಯಾರೋ ಯೂನಿಕೋಡಿಗೆ ತಂದಾಗ ತುಣುಕು ತುಣುಕಾಗಿಯೇ ಉಳಿದಿದೆ. ಎಸ್‌ಕ್ಯೂಲೈಟ್ ಇವೆರಡನ್ನೂ ಒಂದು ಮಾಡುವುದಿಲ್ಲ. ಅದಕ್ಕೆ ಬೈಟುಗಳು ಬೇರೆ ಅಂದರೆ ಹೆಸರೇ ಬೇರೆ.

ನನ್ನ ಫಂಕ್ಷನ್ನಿಗೆ ಇದು ಗೊತ್ತಿತ್ತು. ನಡುವೆ ಒಂದು ದಿನ ತಿದ್ದಿದ್ದೆ. ಆದರೆ ಒಳಗಿನ ತಿರುಳಿನ ಪಟ್ಟಿ ಕಟ್ಟುವ ಕೋಡಿನಲ್ಲಿ ಹಳೆಯ ಪ್ರತಿಯೇ ಇತ್ತು. ಹಲ್ಲು ಎರಡಾಗಿತ್ತು. ಅಂಗಡಿಯಲ್ಲಿ ಒಂದು, ಗೋಡೌನಿನಲ್ಲಿ ಇನ್ನೊಂದು.

ಆಗ ನಾನು ಯೋಚಿಸಿದ್ದು: ಒಮಿಟ್ ಹಾಕಿಲ್ಲವಲ್ಲ, ಎಸ್‌ಕ್ಯೂಲೈಟ್ ಎರಡನೇ ಸಲ ಪರೀಕ್ಷೆ ಮಾಡುತ್ತದಲ್ಲ, ಹಾಗಿದ್ದೂ ಹೇಗೆ ತಪ್ಪಿತು? ಸ್ವಲ್ಪ ಹೊತ್ತು ಬೇಕಾಯಿತು. ಹಮಾಲರು ಬೇಡದ ಚೀಲ ತಂದರೆ ಸಾಹುಕಾರರು ಕಡಿದು ನೋಡಿ ಪಕ್ಕಕ್ಕೆ ಇಡುತ್ತಾರೆ. ಗೋಡೌನಿನಲ್ಲೇ ಬಿಟ್ಟು ಬಂದ ಚೀಲ ಅವರಿಗೆ ಹೇಗೆ ಗೊತ್ತಾಗಬೇಕು? ಎರಡನೇ ಪರೀಕ್ಷೆ ಹೆಚ್ಚಾಗಿ ಬಂದದ್ದನ್ನು ತೆಗೆಯುತ್ತದೆ. ಬಾರದೇ ಉಳಿದದ್ದನ್ನು ತರುವುದಿಲ್ಲ. ಫಂಕ್ಷನ್ ಸುದ್ದಿ ಒಳಗೆ ಬರುವುದಕ್ಕೆ ಮುಂಚೆ ನನ್ನ ಟೇಬಲ್ ನಿಧಾನವಾಗಿತ್ತು, ಆದರೆ ತಪ್ಪು ಹೇಳುತ್ತಿರಲಿಲ್ಲ. ಬಂದ ಮೇಲೆ ಬೇಗ ಬೇಗ ತಪ್ಪು ಹೇಳಿತು. ಈಗ ತಿರುಳು ತೆಗೆಯುವ ಕೋಡ್ ಒಂದೇ ಕಡೆ ಇದೆ, ಫಂಕ್ಷನ್ನೂ ಪಟ್ಟಿಯೂ ಅದನ್ನೇ ಕರೆಯುತ್ತವೆ. ಜೊತೆಗೆ ವಾರಕ್ಕೊಮ್ಮೆ ಅದೇ ಪ್ರಶ್ನೆಯನ್ನು ರೈತ ಕಾಲಮ್ಮಿನ ಮುಂದೆ ಒಂದು ಪ್ಲಸ್ ಚಿಹ್ನೆ ಹಾಕಿ ಓಡಿಸುತ್ತೇನೆ. ಪ್ಲಸ್ ಹಾಕಿದರೆ ಅದು ಬರಿಯ ಕಾಲಂ ಆಗಿ ಉಳಿಯುವುದಿಲ್ಲ, ಚೀಟಿ ಖಾಲಿ ಹೋಗುತ್ತದೆ, ಎಲ್ಲಾ ಸಾಲೂ ಬರುತ್ತವೆ. ಎರಡು ಉತ್ತರದಲ್ಲಿ ಸಾಲಿನ ಸಂಖ್ಯೆ ಒಂದೇ ಇರಬೇಕು. ನಿಧಾನದ ದಾರಿಗೂ ಒಂದು ಉಪಯೋಗ ಆಯಿತು.

(ಎರಡನೇ ಸಲ ಕರೆಂಟ್ ಹೋದದ್ದು ಇಲ್ಲಿ. ಪ್ರಶ್ನೆಗಳನ್ನು ಕತ್ತಲೆಯಲ್ಲೇ ಶುರು ಮಾಡಿದೆವು. ನೆನಪಿರುವಷ್ಟು ಬರೆಯುತ್ತೇನೆ.)

ಮೊತ್ತ ಕೇಳಿದರೆ, ಅಂದರೆ ಸಮ್(ತೂಕ), ಅದು ಮಾಡ್ಯೂಲಿಗೆ ಗೊತ್ತಾಗುತ್ತದಾ ಅಂತ ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು. ಗೊತ್ತಾಗುವುದಿಲ್ಲ. ಒಂದೊಂದೇ ಸಾಲು ಕೇಳಿ ಎಸ್‌ಕ್ಯೂಲೈಟ್ ತಾನೇ ಕೂಡಿಸುತ್ತದೆ. ಯಾವ ಕಾಲಂ ಬೇಕು ಅನ್ನೋದು ಮಾತ್ರ 3.10.0ರಿಂದ ಮೊದಲೇ ತಿಳಿಯುತ್ತದೆ. 2022ರ 3.38.0ರಿಂದ ಲಿಮಿಟ್ (ಎಷ್ಟು ಸಾಲು ಸಾಕು), ಆಫ್‌ಸೆಟ್ (ಮೊದಲ ಎಷ್ಟು ಸಾಲು ಬಿಡಬೇಕು) ಕೂಡ ಷರತ್ತಿನ ರೂಪದಲ್ಲಿ ಬರುತ್ತವೆ. ಆದರೆ ಬೇರೆ ಎಲ್ಲಾ ಷರತ್ತುಗಳನ್ನೂ ನೀವೇ ಪೂರ್ತಿ ನೋಡಿಕೊಳ್ಳದೆ ಲಿಮಿಟ್ ಮುಟ್ಟಬೇಡಿ. ಮೊದಲ 10 ಸಾಲು ಕೊಟ್ಟು ನೀವು ನಿಲ್ಲಿಸಿದ ಮೇಲೆ ಎಸ್‌ಕ್ಯೂಲೈಟ್ ಅದರಲ್ಲಿ 4 ತೆಗೆದುಹಾಕಿದರೆ ಗಿರಾಕಿಗೆ ಸಿಗೋದು 6.

ಪೋಸ್ಟ್‌ಗ್ರೆಸ್‌ನಲ್ಲಿ ಹೇಗೆ ಅಂತ ಇನ್ನೊಬ್ಬರು ಕೇಳಿದರು. ಅದು ಸರ್ವರ್ ಇರುವ ಇನ್ನೊಂದು ಡೇಟಾಬೇಸ್. ಅಲ್ಲಿ ಇದನ್ನು ಫಾರಿನ್ ಡೇಟಾ ರ‍್ಯಾಪರ್ ಅನ್ನುತ್ತಾರೆ. ಅಲ್ಲಿನ ಪೋಸ್ಟ್‌ಗ್ರೆಸ್-ಎಫ್‌ಡಿಡಬ್ಲ್ಯೂ ಕ್ವೆರಿಯ ಮರವನ್ನೇ ನೋಡಿ, ದೂರದ ಸರ್ವರಿಗೆ ಫಂಕ್ಷನ್ನನ್ನೂ ಕಳಿಸಬಲ್ಲದು. ಆದರೂ ಸಿಕ್ಕಿದ್ದನ್ನೆಲ್ಲ ಕಳಿಸುವುದಿಲ್ಲ. ಅದು ಒಳಗೇ ಬಂದ ಫಂಕ್ಷನ್ ಆಗಿರಬೇಕು, ಇಲ್ಲವೇ ಎರಡೂ ಕಡೆ ಇದೆ ಅಂತ ನಾವು ಹೆಸರು ಹೇಳಿದ ಎಕ್ಸ್‌ಟೆನ್ಷನ್ನಿನದ್ದಾಗಿರಬೇಕು. ಜೊತೆಗೆ ಯಾವಾಗ ಕೇಳಿದರೂ ಒಂದೇ ಉತ್ತರ ಕೊಡುವಂಥದ್ದಾಗಿರಬೇಕು. ಎರಡು ಹಲ್ಲಿನ ಭಯ ಅವರಿಗೂ ಇದೆ.

ಚಿತ್ರದುರ್ಗದಿಂದ ಬಂದಿದ್ದ ಒಬ್ಬ ವಿದ್ಯಾರ್ಥಿನಿ ಮೂರು ಆರ್ಗ್ಯುಮೆಂಟಿನ ಬಗ್ಗೆ ಕೇಳಿದರು: 'ಸರ್, ಹೆಸರಿನ ಜೊತೆ ಎಷ್ಟು ಅಕ್ಷರ ತಪ್ಪಬಹುದು ಅಂತಲೂ ಕೊಡಬೇಕಲ್ಲ?' ಒಳ್ಳೆಯ ಪ್ರಶ್ನೆ. ಎರಡನ್ನೂ ಸೇರಿಸಿ ಒಂದೇ ಪಠ್ಯ ಮಾಡಿ, ನಡುವೆ ಒಂದು ಗೀಟು ಹಾಕಿ, ಎರಡನೇ ಆರ್ಗ್ಯುಮೆಂಟಿನಲ್ಲಿ ಕಳಿಸಿ ಅಂದೆ. ಚಂದ ಇಲ್ಲ, ಆದರೆ ಕಿಂಡಿಯಲ್ಲಿ ತೂರುತ್ತದೆ. ಇಲ್ಲವೇ ತಪ್ಪಿನ ಮಿತಿಯನ್ನು ಮುಚ್ಚಿಟ್ಟ ಕಾಲಂ ಮಾಡಿ.

ಎದುರು ಕೂತಿದ್ದ ಹಿರಿಯರೊಬ್ಬರು, ಲೆಕ್ಕಪತ್ರದವರು, ಮೆಲ್ಲಗೆ ಕೇಳಿದರು: 'ಅಲ್ರೀ, ಇಷ್ಟೆಲ್ಲಾ ಯಾಕೆ? ಆ 1800 ಫೈಲನ್ನ ಒಂದು ಸಾದಾ ಟೇಬಲಿಗೆ ಸುರಿದು ಇಂಡೆಕ್ಸ್ ಹಾಕಿದ್ರೆ ಆಗ್ತಿರ್ಲಿಲ್ವಾ?' ಆಗುತ್ತಿತ್ತು. ಬಹಳ ಸಲ ಅದೇ ಸರಿ, ನಾನೂ ಹಾಗೇ ಮಾಡುತ್ತೇನೆ. ಇಲ್ಲಿ ಫೈಲುಗಳು ನನ್ನವಲ್ಲ, ತೂಕದ ಕಂಪ್ಯೂಟರು ಬೆಳಗಿನಿಂದ ಸಂಜೆವರೆಗೂ ಅದರಲ್ಲಿ ಬರೆಯುತ್ತಲೇ ಇರುತ್ತದೆ, ಸಂಜೆ ಯಾರೋ ಹಳೆಯ ಫೈಲ್ ತೆರೆದು ತಿದ್ದುತ್ತಾರೆ. ಎರಡು ಕಡೆ ಲೆಕ್ಕ ಇಟ್ಟರೆ ಯಾವುದು ನಿಜ ಅಂತ ಜಗಳ ಶುರುವಾಗುತ್ತದೆ. ಅವರು ತಲೆ ಆಡಿಸಿದರು. ಒಪ್ಪಿದರೋ ಇಲ್ಲವೋ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಕರೆಂಟ್ ಬಂತು. ಒಬ್ಬ ಹುಡುಗ ಎದ್ದು, 'ಹೋಲುತ್ತದೆ(ರೈತ, ಏನೋ) ಅಂತ ಬರೆಯೋ ಬದಲು, ಅದರ ಮುಂದೆ ಸಮ 1 ಅಂತ ಸೇರಿಸಿದರೆ ಏನಾಗುತ್ತೆ ಸರ್? ಅರ್ಥ ಒಂದೇ ಅಲ್ವಾ?' ಅಂದ. ನಾನು ಉತ್ತರ ಹೇಳಲಿಲ್ಲ, ಬನ್ನಿ ಅಂತ ಅವನನ್ನೇ ಕೀಬೋರ್ಡ್ ಹತ್ತಿರ ಕರೆದೆ. ಅವನು ಕ್ವೆರಿಯ ಕೊನೆಗೆ = 1 ಸೇರಿಸಿ ಎಂಟರ್ ಒತ್ತಿದ. ಪರದೆಯ ಮೇಲೆ ಬಂತು: ಬಂದ ಷರತ್ತುಗಳು 0. ಆಮೇಲೆ ಒಂದೊಂದೇ ಫೈಲಿನ ಹೆಸರು ಮೇಲಕ್ಕೆ ಸರಿಯತೊಡಗಿತು, 2018ರ ಮೊದಲ ದಿನದಿಂದ. ನಾವು ಅದನ್ನು ಓಡಲು ಬಿಟ್ಟು ಚಹಾಕ್ಕೆ ಹೋದೆವು.